ಕ್ಷಮೆ ಕೊಟ್ಟವರು

ನೀಲಿ ಕೋಟಿನ ನಡುಗುಂಡಿ ಕಾಜಕ್ಕೆ ಎಟುಕಲಿಲ್ಲ. ಟೈಟಸ್ ವೆಂಟ್ಸೆಲ್ ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು ಮತ್ತೊಮ್ಮೆ ನೋಡಿದ. ನೌಕಾದಳ ಬಿಟ್ಟ ಮೇಲೆ ಬೆಳೆದ ಹೊಟ್ಟೆ ಅದು, ಯಾರ ಮಾತೂ ಕೇಳುವುದಿಲ್ಲ. ಹೆಂಡತಿ ವರ್ನಾ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವನೆದುರು ಮಂಡಿಯೂರಿದ್ದಳು. "ಒಳಗಿಂದ ಪಿನ್ನು ಹಾಕ್ತೀನಿ, ಹೊರಗೆ ಕಾಣಲ್ಲ. ಊದೋವಾಗ ಮಾತ್ರ ಜೋರಾಗಿ ಉಸಿರು ಎಳ್ಕೋಬೇಡ, ಬಿಚ್ಕೊಂಡು ಚುಚ್ಚೀತು," ಎಂದಳು. ಉಸಿರೆಳೆಯದೆ ಬೋಸನ್ ಸೀಟಿಯನ್ನು, ಹಡಗಾಳುಗಳ ಮೇಸ್ತ್ರಿ ಊದುವ ಆ ಸೀಟಿಯನ್ನು, ಊದುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳ ನೆತ್ತಿಯ ಮೇಲೆ ಎರಡು ಸುಳಿಗಳಿದ್ದವು. ಅವಳ ಅಣ್ಣ ಬರ್ಟನ್‌ಗೂ ಹೀಗೇ ಎರಡು ಸುಳಿ; ಬಾಚಿದ ಕೂದಲು ಅರೆಗಳಿಗೆ ನಿಲ್ಲುತ್ತಿರಲಿಲ್ಲ, ಹಡಗಿನಲ್ಲಿ ಎಲ್ಲರೂ ಅವನನ್ನು ಹುಂಜ ಅನ್ನುತ್ತಿದ್ದರು. ಈಗ ಹೇಳಿಬಿಡಬಹುದು, ಅವಳು ತಲೆ ಬಗ್ಗಿಸಿರುವಾಗಲೇ, ಮುಖ ನೋಡುವ ಕಷ್ಟವಿಲ್ಲದೆ. ಒಂದೇ ಮಾತು: ಬರ್ಟ್ ಮಾಡಿದ್ದಲ್ಲ ಅದು. ಆದರೆ ಅವಳು ಪಿನ್ನು ಸಿಕ್ಕಿಸಿ ಎದ್ದುನಿಂತಳು, ಅವನ ಎದೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು, ಆಮೇಲೆ ಒರೆಸಿದ ಜಾಗದಲ್ಲೇ ಕೈ ಇಟ್ಟುಕೊಂಡು "ಅಳು ಬಂದ್ರೆ ಅತ್ತುಬಿಡು, ಒಳಗೇ ಇಟ್ಕೋಬೇಡ," ಎಂದಳು. ತಾನು ವಾರದಿಂದ ಊಟ ಬಿಟ್ಟಿರುವುದು ತನ್ನ ಹಳೆಯ ಹಡಗಿನ ಕಮಾಂಡರ್ ಸತ್ತ ದುಃಖಕ್ಕೆ ಎಂದು ಅವಳು ತಿಳಿದಿದ್ದಾಳೆ. ಊರೇ ಹಾಗೆ ತಿಳಿದಿದೆ. ಅವನಿಗೆ ನಗು ಬಂದಂತಾಯಿತು.

ಅಡಿಗೆಮನೆಯಲ್ಲಿ ಅತ್ತೆ ಒಟ್ಟಿಲಿ ಕಪ್ಪು ಟೋಪಿ ಹಾಕಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ತಯಾರಾಗಿ ಕೂತಿದ್ದಳು. ಬುಟ್ಟಿಯಲ್ಲಿ ವಿನೆಗರಿನಲ್ಲಿ ಈರುಳ್ಳಿಯ ಜೊತೆ ನೆನೆಹಾಕಿದ ಹೆರಿಂಗ್ ಮೀನಿನ ಜಾಡಿ. ಕಮಾಂಡರರಿಗೆ ಇಷ್ಟವಾದದ್ದು, ಈಗ ಅವರ ಹೆಂಡತಿಗೆ. ಒಟ್ಟಿಲಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ನಾಲಿಗೆ ಮಾತ್ರ ಹೊಸ ಚಾಕು.

"ಬಂದ್ರಪ್ಪಾ ನಮ್ಮ ಅಡ್ಮಿರಲ್ಲು," ಎಂದಳು. "ಏನಾದ್ರೂ ತಿನ್ನು. ಖಾಲಿ ಹೊಟ್ಟೇಲಿ ಊದಿದ್ರೆ ಗಾಳಿ ಮೇಲಿಂದ ಬರೋ ಬದ್ಲು ಕೆಳಗಿಂದ ಬಂದೀತು."

"ಅಮ್ಮ, ಮಣ್ಣಿಗೆ ಹೋಗೋ ದಿನ ಇವತ್ತು," ಎಂದು ವರ್ನಾ ಗದರಿದಳು.

"ಮಣ್ಣಿಗೆಲ್ಲಿ, ನೀರಿಗೆ. ಮತ್ತೆ ಅವರೇ ಇದ್ದಿದ್ರೂ ನಗ್ತಿದ್ರು. ಈ ಕುರ್ಚೀಲಿ ಕೂತು ನನ್ನ ಮಾತಿಗೆ ಎಷ್ಟು ನಕ್ಕಿದಾರೆ ಅನ್ನೋದು ನಿಂಗೊತ್ತಿಲ್ವಾ? ದೊಡ್ಡ ಮನುಷ್ಯ, ನಮ್ಮಂಥೋರ ಮಾತಿಗೆ ನಗಬೇಕು ಅಂತ ಏನಿತ್ತು ಅವರಿಗೆ?"

ಏನಿತ್ತು ಅವರಿಗೆ. ಕಿಟಕಿ ಪಕ್ಕದ ಆ ಕುರ್ಚಿಯನ್ನು ಟೈಟಸ್ ನೋಡಲಿಲ್ಲ. ಪ್ರತಿ ಆಗಸ್ಟಿನಲ್ಲಿ ಕಮಾಂಡರ್ ಆರ್ಚಿಬಾಲ್ಡ್ ಹ್ಯಾಲಿಫ್ಯಾಕ್ಸ್ ಬಂದರುಪಟ್ಟಣದಿಂದ ತಾವೇ ಕಾರು ಓಡಿಸಿಕೊಂಡು ಬಂದು ಅದರಲ್ಲಿ ಕೂರುತ್ತಿದ್ದರು. ದೊಡ್ಡ ವಕೀಲರ ಮಗ, ಎದೆಯ ಮೇಲೆ ಪದಕ, ಯುದ್ಧ ಮುಗಿದ ಮೇಲೆ ಹಡಗುಕಟ್ಟೆಯಲ್ಲಿ ದೊಡ್ಡ ಅಧಿಕಾರ. ಆದರೂ ತೋಳು ಮಡಚಿ ಒಟ್ಟಿಲಿಯ ಜೊತೆ ಬಟಾಣಿ ಸುಲಿಯುತ್ತಿದ್ದರು, ಹೊಸ ಆಲೂಗೆಡ್ಡೆ ಬಟಾಣಿ ಹಾಕಿ ಕೆನೆಯಲ್ಲಿ ಕುದಿಸಿದ ಸಾರನ್ನು ಎರಡು ಬಟ್ಟಲು ಕುಡಿದು ಬಟ್ಟಲು ನೆಕ್ಕುತ್ತಿದ್ದರು. ಟೈಟಸ್‌ನ ಮಗಳಿಗೆ ದೀಕ್ಷಾಸ್ನಾನವಾದಾಗ ಎತ್ತಿಕೊಂಡು ನಿಂತವರು ಅವರು. ಟೈಟಸ್‌ಗೆ ಹಡಗುಕಟ್ಟೆಯಲ್ಲಿ ಹಗ್ಗದ ಕೆಲಸ ಕೊಡಿಸಿದವರು ಅವರು. ದೋಣಿಯಲ್ಲಿ ಇಬ್ಬರೇ ಗಾಳ ಹಾಕಿ ಕೂತಾಗ ಅವರು ಮಾತಾಡುತ್ತಿರಲಿಲ್ಲ, ಅವನೂ ಆಡುತ್ತಿರಲಿಲ್ಲ. ಜೊತೆಯಲ್ಲಿ ಮುಳುಗಿ ಜೊತೆಯಲ್ಲಿ ಬದುಕಿದವರಿಗೆ ಮಾತು ಬೇಕಿಲ್ಲ ಎಂದು ಅವನು ಅಂದುಕೊಂಡಿದ್ದ. ತನ್ನ ಅಪ್ಪನೂ ಅಷ್ಟು ಪ್ರೀತಿಯಿಂದ ತನ್ನ ಪಕ್ಕ ಕೂತಿರಲಿಲ್ಲ ಎಂದು ಒಮ್ಮೆ ವರ್ನಾಳ ಹತ್ತಿರ ಹೇಳಿಕೊಂಡಿದ್ದ ಕೂಡ. ಈಗ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಅದು ಪ್ರೀತಿಯಲ್ಲ, ಬಡ್ಡಿ. ಆ ಮನುಷ್ಯ ಪ್ರತಿ ಬೇಸಿಗೆ ಬಂದು ಬಡ್ಡಿ ಕಟ್ಟಿ ಹೋಗುತ್ತಿದ್ದ. ಮನಸ್ಸಿನಲ್ಲಾದರೂ ಏಕವಚನಕ್ಕೆ ಇಳಿಸೋಣವೆಂದರೆ ಎರಡನೆಯ ವಾಕ್ಯಕ್ಕೇ ಅದು ಮತ್ತೆ ಬಹುವಚನ ಹತ್ತಿಬಿಡುತ್ತದೆ. ಅಭ್ಯಾಸಬಲ.

ಕಾರನ್ನು ವರ್ನಾ ಓಡಿಸಿದಳು. ಹಿಂದಿನ ಸೀಟಿನಲ್ಲಿ ಮುದುಕಿ. ಊರ ಚರ್ಚು ದಾಟುವಾಗ ಎದುರಿಗಿದ್ದ ಬೂದುಗಲ್ಲು ಅಕ್ಟೋಬರಿನ ಮಂಜಿನಲ್ಲಿ ಕಂಡೂ ಕಾಣದ ಹಾಗಿತ್ತು. ಯುದ್ಧದಲ್ಲಿ ಸತ್ತ ಈ ಊರಿನವರ ಹೆಸರು ಕೊರೆದ ಕಲ್ಲು. ಅದರಲ್ಲಿ ಮೂರು ಹೆಸರುಗಳಿವೆ. ನಾಲ್ಕಿರಬೇಕಿತ್ತು. ಆ ಮೂವರೂ, ಬರ್ಟನ್ನೂ, ಟೈಟಸ್ಸೂ ಒಂದೇ ಹಡಗು ಹತ್ತಿದವರು. 'ಮಾರ್ಟಾಕ್' ಎಂಬ ಆ ಪುಟ್ಟ ಯುದ್ಧನೌಕೆಯ ಕೆಲಸ ಸರಕು ಹಡಗುಗಳ ಹಿಂಡನ್ನು ಕಾಯುತ್ತ ಅಟ್ಲಾಂಟಿಕ್ ದಾಟಿಸುವುದು. ಕಾವಲುನಾಯಿಯ ಕೆಲಸ. ಹಡಗಿನ ಹಿಂಬದಿಯಲ್ಲಿ ಎಣ್ಣೆ ಪೀಪಾಯಿಯಂಥ ಆಳಗುಂಡುಗಳು ಸಾಲಾಗಿರುತ್ತಿದ್ದವು. ನೀರಿಗೆ ಉರುಳಿಸಿದರೆ ಇಂತಿಷ್ಟು ಆಳಕ್ಕಿಳಿದ ಮೇಲೆ ತಾವಾಗಿ ಸಿಡಿದು ಅಡಗಿರುವ ಜಲಾಂತರ್ಗಾಮಿಯನ್ನು ಒಡೆಯುತ್ತವೆ. ಆದರೆ ಹಡಗೇ ಮುಳುಗಿದರೆ ಅವೂ ಅದರ ಜೊತೆ ಇಳಿಯುತ್ತವೆ. ಆ ಆಳ ಬಂದ ಕೂಡಲೇ ಸಿಡಿಯುತ್ತವೆ. ಮೇಲೆ ಈಜುತ್ತಿರುವವರು ತಮ್ಮವರೋ ಪರರೋ ಅವಕ್ಕೆ ಗೊತ್ತಿಲ್ಲ. ಅದಕ್ಕೇ ಹಡಗಿಗೆ ಏಟು ಬಿದ್ದರೆ ಮೊಟ್ಟಮೊದಲ ಕೆಲಸ ಗುಂಡುಗಳನ್ನು ಮಲಗಿಸುವುದು, ಒಂದೊಂದಕ್ಕೂ ಕೀಲಿ ಹಾಕಿ ತಿರುಗಿಸಿ ಜೀವ ತೆಗೆಯುವುದು. ಅದು ಬರ್ಟನ್‌ನ ಕೆಲಸವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಏಟು ಬಿತ್ತು, ಮೂತಿ ನೀರಿಗಿಳಿಯಿತು. ಟೈಟಸ್ ನಡುಭಾಗದಲ್ಲಿ ತೆಪ್ಪಗಳನ್ನು ಬಿಚ್ಚುತ್ತಿದ್ದ. ತೆಪ್ಪದ ಮೇಲಿಂದ ಬಗ್ಗಿ, ಎಣ್ಣೆ ಮೆತ್ತಿಕೊಂಡ ಒಂದು ಕಾಲರನ್ನು ಹಿಡಿದು ಎಳೆದುಕೊಂಡ, ನೋಡಿದರೆ ಕಮಾಂಡರ್. ಆಮೇಲೆ ಹಡಗು ಕಾಣಲಿಲ್ಲ. ಆಮೇಲೆ ಸಮುದ್ರ ಕೆಳಗಿನಿಂದ ಒದ್ದ ಹಾಗಾಯಿತು. ನೀರಿನಲ್ಲಿ ಹಾಡುತ್ತ, ಬೈಯುತ್ತ, ಕೈ ಬೀಸುತ್ತ ತೇಲುತ್ತಿದ್ದವರೆಲ್ಲ ಒಟ್ಟಿಗೇ ಸುಮ್ಮನಾದರು. ಆ ಸುಮ್ಮನಾದದ್ದು ಅವನಿಗೆ ಇವತ್ತಿಗೂ ಕೇಳಿಸುತ್ತದೆ.

ವಿಚಾರಣೆಯಲ್ಲಿ ಬಂದದ್ದು ಇಷ್ಟೇ: ಗುಂಡು ಮಲಗಿಸಲು ಆಜ್ಞೆಯಾಗಿತ್ತು, ಬರ್ಟನ್ ಹಿಮ್ಮೆಲ್ಮನ್ ಅದನ್ನು ಪಾಲಿಸಲಿಲ್ಲ, ಹೆದರಿ ಮೊದಲೇ ನೀರಿಗೆ ಹಾರಿರಬೇಕು. ರಜೆಯ ಮೇಲೆ ಊರಿಗೆ ಬಂದ ಟೈಟಸ್‌ನನ್ನು ಮೂರು ಮನೆಯ ತಾಯಂದಿರು ನನ್ನ ಮಗ ಹೇಗೆ ಹೋದ ಎಂದು ಕೇಳಿದರು. ತನಗೆ ಗೊತ್ತಿದ್ದದ್ದನ್ನು ಅವನು ಹೇಳಿದ. ಅಲ್ಲಿಂದ ಮುಂದೆ ಚರ್ಚಿನಲ್ಲಿ ಒಟ್ಟಿಲಿ ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ. ಆ ಮೂವರು ತಾಯಂದಿರಲ್ಲೊಬ್ಬಳಾದ ಕ್ನಿಕಲ್ ಮನೆಯಾಕೆ ಅಂಗಡಿಯಲ್ಲಿ ಅವಳನ್ನು ಕಂಡರೆ ಕೈಯಲ್ಲಿದ್ದ ಸಾಮಾನನ್ನು ಅಲ್ಲೇ ಬಿಟ್ಟು ಹೊರಡುತ್ತಿದ್ದಳು. ವರ್ನಾಳನ್ನು ಟೈಟಸ್ ಮದುವೆಯಾದಾಗ ಅವನ ಸ್ವಂತ ತಾಯಿ ಮದುವೆಗೆ ಬರಲಿಲ್ಲ. ಯುದ್ಧ ಮುಗಿದು ಕಲ್ಲು ನಿಲ್ಲಿಸಿದ ದಿನ ಅದರ ಮುಸುಕು ತೆಗೆಯಲು ಕಮಾಂಡರ್ ಬಂದರು. ತೆಗೆದರು, ಸೆಲ್ಯೂಟ್ ಮಾಡಿದರು, ಆಮೇಲೆ ಗುಂಪನ್ನು ಸೀಳಿಕೊಂಡು ಎಲ್ಲರಿಗಿಂತ ಹಿಂದೆ ಬೇಲಿಗೆ ಒರಗಿ ನಿಂತಿದ್ದ ಒಟ್ಟಿಲಿಯ ಹತ್ತಿರ ನಡೆದುಹೋಗಿ ಟೋಪಿ ತೆಗೆದರು. "ಅಮ್ಮ, ನಿಮ್ಮ ಮಗನ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ಹುಡುಗ, ಹೆದರಿದ. ನಾನು ಅವನನ್ನು ಕ್ಷಮಿಸಿದ್ದೇನೆ." ಎಲ್ಲರಿಗೂ ಕೇಳುವ ಹಾಗೆ, ಹಡಗಿನ ಮೇಲಟ್ಟದಲ್ಲಿ ನಿಂತು ಮಾತಾಡುವ ಧ್ವನಿಯಲ್ಲಿ. ಕ್ಯಾಪ್ಟನ್ನೇ ಕ್ಷಮಿಸಿದ ಮೇಲೆ ಊರವರದೇನು? ಮಾರನೆಯ ದಿನ ಕ್ನಿಕಲ್ ಮನೆಯಿಂದ ಒಂದು ಜಾಡಿ ಹುಳಿಕೋಸು ಬಂತು. ಆ ಭಾನುವಾರ ಬೆಂಚು ತುಂಬಿತು. ಹೆಸರು ಮಾತ್ರ ಕಲ್ಲಿಗೆ ಬರಲಿಲ್ಲ, ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಟ್ಟಿಲಿ ಅಂದಿನಿಂದ ಆ ಕ್ಷಮೆಯನ್ನು ತಿಂದುಕೊಂಡು, ಉಟ್ಟುಕೊಂಡು, ಹೊದ್ದುಕೊಂಡು ಬದುಕಿದ್ದಾಳೆ. ಸತ್ಯ ಹೇಳಿದರೆ ಮಗ ಸಿಗುತ್ತಾನೆ, ಕ್ಷಮೆ ಹೋಗುತ್ತದೆ. ಮಗನನ್ನು ಪಡೆದುಕೊಂಡು ಏನು ಮಾಡುತ್ತಾಳೆ ಈ ವಯಸ್ಸಿನಲ್ಲಿ? ಹೀಗೆಲ್ಲ ಯೋಚಿಸುತ್ತಿರುವವನು ತಾನೋ ಅಥವಾ ಆ ಮನುಷ್ಯನೇ ತನ್ನ ತಲೆಯೊಳಗೆ ಕೂತು ಯೋಚಿಸುತ್ತಿದ್ದಾನೋ ಟೈಟಸ್‌ಗೆ ತಿಳಿಯಲಿಲ್ಲ.

ಹೋದ ವಾರ ಆಸ್ಪತ್ರೆಯ ಕೋಣೆಯಲ್ಲಿ ಬೇಯಿಸಿದ ಕ್ಯಾರೆಟ್ಟಿನ ವಾಸನೆಯಿತ್ತು. ಕಮಾಂಡರ್ ಹಾಸಿಗೆಯಲ್ಲಿ ಅರ್ಧ ಆಗಿದ್ದರು, ಕೈಗಳು ಮಾತ್ರ ಮೊದಲಿನಷ್ಟೇ ದೊಡ್ಡವು. "ನೀನೇ ಊದಿ ಕಳಿಸ್ಬೇಕು ನನ್ನ," ಎಂದರು. "ಈಗಿನ ಹುಡುಗರು ನೌಕಾದಳದ ನೀಲಿ ಬಿಟ್ಟು ಬಸ್ ಕಂಡಕ್ಟರ್‌ಗಳ ಹಾಗೆ ಹಸಿರು ಬಟ್ಟೆ ಹಾಕ್ಕೊಂಡು ನಿಂತಿರ್ತಾರೆ, ಅವರ ಕೈಲಿ ಬೇಡ. ನಿನ್ನ ಹಳೇ ನೀಲಿ ಕೋಟು ಹಾಕ್ಕೊಂಡು ಬಾ. ಮಾತು ಕೊಡು." ಅವನು ಆ ದೊಡ್ಡ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಾತು ಕೊಟ್ಟ, ಕಣ್ಣಲ್ಲಿ ನೀರೂ ಬಂತು. ಬೋಸನ್ ಸೀಟಿ ಹಡಗು ಹತ್ತಿ ಇಳಿಯುವ ಕ್ಯಾಪ್ಟನ್ನಿಗೆ ಸಲ್ಲುವ ಮರ್ಯಾದೆ, ಸಾಮಾನ್ಯ ನಾವಿಕನಿಗಿಲ್ಲ. ಹೆಣಕ್ಕೆ ಮಾತ್ರ ದರ್ಜೆ ನೋಡುವುದಿಲ್ಲ, ಅಡಿಗೆಯವನು ಸತ್ತರೂ ಊದಿಯೇ ಕಳಿಸಬೇಕು. ಮಾತು ಸಿಕ್ಕಿದ ಮೇಲೆ ಕಮಾಂಡರ್ ಕಣ್ಣು ಮುಚ್ಚಿಕೊಂಡು, ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು. ಹಿಮ್ಮೆಲ್ಮನ್ ಗುಂಡು ಮಲಗಿಸಲು ಶುರು ಮಾಡಿದ್ದ. ಅರ್ಧ ಮಲಗಿಸಿಯೂ ಆಗಿತ್ತು. ಬಿಡು ಅಂದೆ ನಾನು, ಆ ಜಲಾಂತರ್ಗಾಮಿ ಹತ್ತಿರದಲ್ಲೇ ಇತ್ತು, ನಮ್ಮ ಹಡಗು ಇನ್ನೂ ಒಂದು ಗಂಟೆ ತೇಲುತ್ತೆ ಅಂದುಕೊಂಡೆ, ಉಳಿದ ಗುಂಡುಗಳಲ್ಲಿ ಕೊನೇ ಸಲ ಅದಕ್ಕೆ ಒಂದು ಕೊಡೋಣ ಅಂತ. ತೇಲಲಿಲ್ಲ. "ಆಗ ಹೇಳಿದ್ರೆ ಇನ್ನೊಂದು ಹಡಗು ಕೊಡ್ತಿರ್ಲಿಲ್ಲ ನನಗೆ. ಎರಡನೇ ಹಡಗಲ್ಲಿ ನಾನೆಷ್ಟು ಜನರನ್ನ ಉಳಿಸ್ದೆ, ನಿನಗೇ ಗೊತ್ತು. ಹಿಮ್ಮೆಲ್ಮನ್ ಸತ್ತಿದ್ದ. ಸತ್ತವನಿಗೆ ಏನು ನಷ್ಟ, ಟೈಟಸ್?" ಆಮೇಲೆ ಸಣ್ಣದಾಗಿ ನಕ್ಕು, "ಹೇಳಿದ್ಮೇಲೆ ಹಗುರಾಯ್ತು ನೋಡು," ಎಂದರು.

ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವುದುಂಟು. ಈ ಮಂಗ ಒರೆಸಿದ ಮೇಲೆ ಮೇಕೆಯನ್ನು ಕ್ಷಮಿಸಿಯೂ ಬಿಟ್ಟಿತ್ತಲ್ಲ. ಆದರೆ ಟೈಟಸ್‌ನನ್ನು ವಾರದಿಂದ ಕೊರೆಯುತ್ತಿರುವುದು ಅದೂ ಅಲ್ಲ. ಕೇಳಿದ ಮೇಲೆ ತಾನೇನು ಮಾಡಿದೆ ಎಂಬುದು. ಕೊರಳ ಪಟ್ಟಿ ಹಿಡಿಯಲಿಲ್ಲ. ಥೂ ಎನ್ನಲಿಲ್ಲ. "ಸರಿ ಸರ್," ಎಂದ. ತಲೆದಿಂಬು ಜಾರಿತ್ತು, ಅದನ್ನು ಎತ್ತಿ ಸರಿಮಾಡಿದ. ನೀರು ಬೇಕಾ ಸರ್ ಎಂದು ಕೇಳಿ ನಳಿಕೆಯನ್ನು ತುಟಿಗೆ ಹಿಡಿದ. ಆ ವಾರದಲ್ಲೇ ಕಮಾಂಡರ್ ಸತ್ತರು. ಹಗುರಾಗಿ ಸತ್ತರು. ಭಾರವನ್ನು ಇವನ ಮೇಲೆ ಇಳಿಸಿ, ಕೈಕೊಡವಿ.

ಪೆಟ್ರೋಲ್ ಬಂಕಿನಲ್ಲಿ ವರ್ನಾ ಕಾರಿಳಿದು ಹೋದಳು. ಹಿಂದಿನಿಂದ ಮುದುಕಿ ಅವನ ಭುಜ ತಟ್ಟಿದಳು. "ಅಲ್ವೋ, ನಾನು ಹೋದಾಗ್ಲೂ ಊದ್ತೀಯೇನೋ?"

"ನೀವು ಹಡಗಿನೋರಲ್ಲಮ್ಮ."

"ಹಡಗಿಗೆ ಮಗನ್ನ ಕೊಟ್ಟೋಳು. ಅದಕ್ಕೆ ಅರ್ಧ ಸೀಟಿನಾದ್ರೂ ಬರಲ್ವಾ?" ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅವರಿಲ್ದಿದ್ರೆ ನಾನು ಆ ಚರ್ಚಿನ ಬಾಗ್ಲು ಇನ್ನೊಂದ್ಸಲ ತುಳೀತಿರ್ಲಿಲ್ಲ ಟೈಟಸ್. ಸ್ವಂತ ಮಗನ್ನೇ ಬೈಕೊಂಡು ಕೂತಿದ್ದೆ. ಅವರು ಕ್ಷಮಿಸಿದ್ಮೇಲೆ ನಾನೂ ಅವನ್ನ ಕ್ಷಮಿಸ್ದೆ. ತಾಯಾಗಿ ಮೊದ್ಲೇ ಮಾಡ್ಬೇಕಿತ್ತು, ಮಾಡಿರ್ಲಿಲ್ಲ," ಎಂದಳು.

ಟೈಟಸ್ ಹಿಂದೆ ತಿರುಗಿದ. ಪಿನ್ನು ಹೊಟ್ಟೆಗೆ ತಾಗಿತು. "ಅಮ್ಮ, ಬರ್ಟ್ ವಿಷಯ," ಎಂದ. ಅಷ್ಟರಲ್ಲಿ ಕಿಟಕಿಯ ಗಾಜಿಗೆ ಬೆರಳಿನ ಟಕಟಕ. ಬಂಕಿನ ಮೋಷರ್, ಕಲ್ಲಿನಲ್ಲಿ ಹೆಸರಿರುವ ಮೋಷರನ ತಮ್ಮ, ಗಾಜಿಗೆ ಮೂಗು ಹಚ್ಚಿ ಹಲ್ಲು ಕಿರಿಯುತ್ತಿದ್ದ. "ಏನಯ್ಯಾ ಬೋಸನ್, ಮತ್ತೆ ಯುದ್ಧ ಬಂತಾ? ಕೋಟು ಹೊಟ್ಟೆಗೆ ಆಗ್ಲೇ ಶರಣಾಗಿಬಿಟ್ಟಿದೆಯಲ್ಲೋ." ಆಮೇಲೆ ಹಿಂದೆ ಕೂತವಳನ್ನು ಕಂಡು ಟೋಪಿ ಮುಟ್ಟಿಕೊಂಡು, "ನಮಸ್ಕಾರ ಒಟ್ಟಿಲಿಯಮ್ಮ. ಒಳ್ಳೇ ಮನುಷ್ಯ ಹೋಗ್ಬಿಟ್ರು," ಎಂದ. ಒಳ್ಳೆಯ ಮನುಷ್ಯ ಎಂದು ಮುದುಕಿಯೂ ಒಪ್ಪಿದಳು. ಟೈಟಸ್ ಮುಂದೆ ತಿರುಗಿ ಕೂತ. ಬಿಸಿತುಪ್ಪ ಬಾಯಲ್ಲಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಮೋಷರನಿಗೂ ಹೇಳಬೇಕಲ್ಲ, ನಿನ್ನ ಅಣ್ಣನನ್ನು ಕೊಂದದ್ದು ನಮ್ಮ ಬರ್ಟ್ ಅಲ್ಲ ಎಂದು. ಹೇಳಿದರೆ ನಂಬುತ್ತಾನೆಯೆ? ಸತ್ತ ಇಬ್ಬರಲ್ಲಿ ಒಬ್ಬ ಕಮಾಂಡರ್, ಇನ್ನೊಬ್ಬ ಹುಂಜ. ಸಾಕ್ಷಿ ಹೇಳುವವನು ಹುಂಜನ ತಂಗಿಯ ಗಂಡ. ತಾನೇ ಆಗಿದ್ದರೂ ನಂಬುತ್ತಿರಲಿಲ್ಲ.

ಹಡಗುಕಟ್ಟೆಯ ಬಾಗಿಲಲ್ಲಿ ಕಾವಲಿನ ಹುಡುಗ ಅವನ ಕೋಟನ್ನು ಮೇಲಿಂದ ಕೆಳಗೆ ನೋಡಿ, ಪಕ್ಕಕ್ಕೆ ನಿಂತಿರಿ ತಾತ ಎಂದ. ಹಡಗಿನಲ್ಲಿ ಎಳೆಯ ಲೆಫ್ಟಿನೆಂಟ್ ಒಬ್ಬ ವಿನಯವಾಗಿಯೇ ಕೈಕುಲುಕಿ, ನಮ್ಮಲ್ಲೇ ಊದುವ ಹುಡುಗ ಇದ್ದಾನೆ, ಆದರೆ ಕಮಾಂಡರರ ಇಚ್ಛೆ ಹೀಗಿತ್ತು, ನಿಮಗೆ ಈಗ ಆಗುತ್ತದಲ್ಲವೆ ಎಂದು ಕೇಳಿದ. ಆಗುತ್ತದೆ ಎಂದ ಟೈಟಸ್. ಇಲ್ಲ, ನನ್ನ ಕೈಲಿ ಆಗುವುದಿಲ್ಲ, ಆ ಹುಡುಗನೇ ಊದಲಿ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆಗುತ್ತದೆಯೇ ಎಂದು ಮೇಲಿನವನೊಬ್ಬ ಕೇಳಿದರೆ ಇಲ್ಲ ಎನ್ನುವುದನ್ನು ಈ ಬಾಯಿ ಕಲಿತಿರಲಿಲ್ಲ. ಲೆಫ್ಟಿನೆಂಟ್ ಒಟ್ಟಿಲಿಯ ಮೊಣಕೈ ಹಿಡಿದು ಕುರ್ಚಿಯ ಕಡೆ ನಡೆಸುತ್ತ, "ನೀವು ಅವರ ಸಂಬಂಧಿಕರಾ ಅಮ್ಮ?" ಎಂದ.

"ಸಂಬಂಧಿಕರಲ್ಲಪ್ಪ," ಎಂದಳು ಮುದುಕಿ. "ನಾವು ಅವರು ಕ್ಷಮಿಸಿದೋರು."

ಲೆಫ್ಟಿನೆಂಟನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದ. ಪಕ್ಕದಲ್ಲಿದ್ದ ಕಮಾಂಡರರ ಹೆಂಡತಿಗೆ ಅರ್ಥವಾಯಿತು ಎಂದು ಟೈಟಸ್‌ಗೆ ಅನ್ನಿಸಿತು. ತುಪ್ಪಳದ ಕೋಟಿನ ಆ ಎತ್ತರದ ಹೆಂಗಸು ಮುದುಕಿಯ ಮುಖ ನೋಡದೆ, ಅವಳ ಟೋಪಿಯ ಮೇಲೆ ಕಣ್ಣು ನಿಲ್ಲಿಸಿ, ಇಷ್ಟು ದೂರ ಬಂದಿರಲ್ಲ, ದೊಡ್ಡ ಮನಸ್ಸು ಎಂದಳು. ಜಾಡಿಯನ್ನು ಎರಡು ಬೆರಳಲ್ಲಿ ತೆಗೆದುಕೊಂಡು ಹಿಂದಿದ್ದವನಿಗೆ ಕೊಟ್ಟಳು. ಅವನು ಅದನ್ನು ಹಗ್ಗದ ಸುರುಳಿಯ ಪಕ್ಕದಲ್ಲಿ ನೆಲದ ಮೇಲಿಟ್ಟ. ಈಕೆಗೂ ಗೊತ್ತಿತ್ತೆ? ಗೊತ್ತಿದ್ದೇ ಆಗಸ್ಟಿನಲ್ಲಿ ಒಮ್ಮೆಯೂ ಊರಿಗೆ ಬರಲಿಲ್ಲವೆ? ಕೇಳುವಂತಿಲ್ಲ. ಹಡಗು ಬಂದರಿನ ಬಾಯಿ ದಾಟಿತು, ಮಂಜು ಹರಿಯಿತು, ಅಲೆ ದೊಡ್ಡದಾಯಿತು. ಟೈಟಸ್‌ನ ಕಾಲುಗಳು ತಾವಾಗಿ ಅಗಲವಾಗಿ ನಿಂತವು. ಇಷ್ಟು ವರ್ಷ ನೆಲದ ಮೇಲೆ ನಡೆದೂ ಅವು ಏನನ್ನೂ ಮರೆತಿರಲಿಲ್ಲ.

ಹಲಗೆಯ ಮೇಲೆ ಪೆಟ್ಟಿಗೆ, ಅದರ ಮೇಲೆ ಬಾವುಟ. ಪಾದ್ರಿ ಓದುತ್ತಿದ್ದ, ಗಾಳಿ ಅರ್ಧ ಮಾತನ್ನು ಕೊಂಡೊಯ್ಯುತ್ತಿತ್ತು. ನಿಷ್ಠೆ, ಧೈರ್ಯ, ತನ್ನವರ ಮೇಲಿನ ಪ್ರೀತಿ. ಟೈಟಸ್ ಅಂಗೈಯಲ್ಲಿ ಸೀಟಿ ಹಿಡಿದು ಹಡಗಿನ ಅಂಚಿನಲ್ಲಿ ನಿಂತಿದ್ದ. ಅವನು ನಿರ್ಧಾರ ಮಾಡಿಯಾಗಿತ್ತು. ಊದುವುದಿಲ್ಲ. ಕೂಗಾಡುವುದಿಲ್ಲ, ಭಾಷಣ ಮಾಡುವುದಿಲ್ಲ, ಅಷ್ಟು ಧೈರ್ಯ ತನಗಿಲ್ಲವೆಂದು ಅವನಿಗೆ ಗೊತ್ತು. ಕೈ ಕೆಳಗೆ ಬಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಾನೆ, ಅಷ್ಟೆ. ನೀರಿಗೆ ಹೋದ ಬರ್ಟ್‌ಗೆ ಯಾರೂ ಊದಿರಲಿಲ್ಲ. ಇವರೂ ಊದಿಸಿಕೊಳ್ಳದೆ ಹೋಗಲಿ. ಒಬ್ಬ ಮುದುಕನ ಉಸಿರಿನಷ್ಟು ಶಿಕ್ಷೆ, ಅದಕ್ಕಿಂತ ದೊಡ್ಡದು ಅವನ ಕೈಯಲ್ಲಿಲ್ಲ. ಯಾಕೆ ಊದಲಿಲ್ಲ ಎಂದು ಒಟ್ಟಿಲಿ ಕೇಳುತ್ತಾಳೆ, ಆಗ ಹೇಳುತ್ತಾನೆ. ಕೊನೆಗೂ ಒಂದು ದಾರಿ ಕಂಡಿತ್ತು, ಎದೆ ಹಗುರಾಯಿತು. ಆ ಹಗುರಾಗುವಿಕೆಯ ಸುಖವನ್ನು ಅವನು ಒಂದು ಗಳಿಗೆ ಅನುಭವಿಸಿದ. ನಾಲ್ವರು ನಾವಿಕರು ಹಲಗೆಯ ತಲೆಗೆ ಕೈ ಹಾಕಿದರು. ಲೆಫ್ಟಿನೆಂಟ್ ನೆಟ್ಟಗೆ ನಿಂತು, ಜೋರಾಗಿಯೂ ಅಲ್ಲ, ಬರಿದೇ ಎಂದ:

"ಬೋಸನ್, ಊದಿ."

ಕೈ ಮೇಲೆ ಬಂದಿತ್ತು. ಸೀಟಿ ತುಟಿಯಲ್ಲಿತ್ತು. ಎದೆ ತುಂಬಿ ಪಿನ್ನು ಬಿಚ್ಚಿ ಹೊಟ್ಟೆಗೆ ಚುಚ್ಚಿದ್ದು ಗೊತ್ತಾಯಿತು, ಕೈ ನಿಲ್ಲಲಿಲ್ಲ. ಬೆರಳುಗಳು ಅಂಗೈಯ ಮೇಲೆ ಮಡಚಿ ಬಿಚ್ಚಿ ಸ್ವರ ಏರಿಸಿದವು, ಮೇಲೆ ಹಿಡಿದು ನಿಲ್ಲಿಸಿದವು, ಇಳಿಸಿದವು. ಒಂದು ಬಿರುಕಿಲ್ಲ, ಒಂದು ನಡುಕವಿಲ್ಲ. ಇಷ್ಟು ಶುದ್ಧವಾಗಿ ಅವನು ಪ್ರಾಯದಲ್ಲೂ ಊದಿರಲಿಲ್ಲ. ಬಾವುಟದ ಕೆಳಗಿನಿಂದ ಪೆಟ್ಟಿಗೆ ಜಾರಿತು, ನೀರು ಅದನ್ನು ತೆಗೆದುಕೊಂಡಿತು. ಕೊನೆಯ ಸ್ವರ ಮುಗಿಯುವವರೆಗೂ ಟೈಟಸ್ ಊದಿದ. ಹಸಿರು ಬಟ್ಟೆಯ ಹುಡುಗರು ಅವನನ್ನು ಮೆಚ್ಚಿ ನೋಡುತ್ತಿದ್ದರು. ಲೆಫ್ಟಿನೆಂಟ್ ಬಂದು ಭುಜ ಹಿಡಿದು, ಇಂಥದ್ದು ಕೇಳಿಯೇ ಇರಲಿಲ್ಲ ಎಂದ. ವಂದನೆ ಸರ್ ಎಂದು ಹೇಳುತ್ತಿರುವ ಧ್ವನಿ ತನ್ನದೇ ಎಂದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು.

ಹಡಗು ಬಂದರಿಗೆ ತಿರುಗಿತು. ಗಾಳಿ ಬೀಳದ ಕಡೆ ಒಂದು ಬೆಂಚಿನ ಮೇಲೆ ಮುದುಕಿಯನ್ನು ಕೂರಿಸಿ ಯಾರೋ ಕೈಗೆ ಕೋಕೋ ಕೊಟ್ಟಿದ್ದರು. ಎದುರು ಬೆಂಚಿನಲ್ಲಿ ವರ್ನಾ ಗಂಡನಿಗೆ ಜಾಗ ಬಿಟ್ಟು ಸರಿದಳು. ಅವನು ಕೂತ ಮೇಲೆ ಅವನ ಕೈಯನ್ನು ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡು ಬೆಚ್ಚಗೆ ಉಜ್ಜಿದಳು.

"ಎಷ್ಟು ಚೆನ್ನಾಗಿ ಊದ್ದೆಯೋ," ಎಂದಳು ಒಟ್ಟಿಲಿ. "ಕಣ್ಮುಚ್ಕೊಂಡು ಕೇಳ್ದೆ. ನಮ್ಮ ಮನೆಯಿಂದ ಅವರಿಗೆ ಇಷ್ಟಾದ್ರೂ ಸಂದಿತಲ್ಲ."

ಆಗ ಅವನು ಹೇಳಿದ. ಯೋಚಿಸಿಟ್ಟುಕೊಂಡಿದ್ದ ಮಾತುಗಳೊಂದೂ ಬರಲಿಲ್ಲ. ಬರ್ಟ್ ಹೆದರಿ ಹಾರಲಿಲ್ಲ ಅಮ್ಮ, ಗುಂಡು ಮಲಗಿಸ್ತಿದ್ದ, ಕಮಾಂಡರೇ ಬಿಡು ಅಂದ್ರು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ರು, ನನ್ನ ಹತ್ರ ಆಸ್ಪತ್ರೆಯಲ್ಲಿ ಅವರೇ ಒಪ್ಕೊಂಡ್ರು. ಉಜ್ಜುತ್ತಿದ್ದ ವರ್ನಾಳ ಕೈ ನಿಂತಿತು. ಎಂಜಿನ್ನಿನ ಸದ್ದು ಬೆಂಚಿನ ಮೂಲಕ ಮೈಗೆ ಬರುತ್ತಿತ್ತು.

"ಶುರು ಮಾಡಿದ್ನಾ ಅವನು?"

"ಅರ್ಧ ಮಲಗ್ಸಿದ್ದ."

"ಬಿಡು ಅಂದ್ರಾ?"

"ಅಂದ್ರು."

"ಬಿಟ್ಟ."

"ಬಿಟ್ಟ, ಅಮ್ಮ."

ಅವಳು ಕೋಕೋ ಲೋಟವನ್ನು ಪಕ್ಕಕ್ಕಿಟ್ಟಳು. ಕೈಚೀಲದಲ್ಲಿ ಕರವಸ್ತ್ರ ಹುಡುಕಿದಳು. ಅಳುತ್ತಾಳೆಂದು ಟೈಟಸ್ ಕಾದ. ಅಳಲಿಲ್ಲ. ಕರವಸ್ತ್ರದಿಂದ ತುಟಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಕೆಂಪಾಗುವ ಹಾಗೆ ತಿಕ್ಕಿಕೊಂಡಳು.

"ಅವತ್ತು, ಕಲ್ಲು ನಿಲ್ಸಿದ ದಿನ, ಎಲ್ರೂ ಹೋದ್ಮೇಲೆ ಚರ್ಚಿನ ಹಿಂದೆ ಹೋಗಿ ಅವನ ಕೈಗೆ ಮುತ್ತಿಟ್ಟೆ ಟೈಟಸ್. ಎರಡೂ ಕೈಗೆ. ಯಾರಿಗೂ ಹೇಳಿಲ್ಲ. ಬೇಡ ಅನ್ಲಿಲ್ಲ ಅವನು. ಕೈ ಹಿಂದಕ್ಕೆ ಎಳ್ಕೊಳ್ಲಿಲ್ಲ." ಕರವಸ್ತ್ರವನ್ನು ಮಡಚಿದಳು, ಇನ್ನೂ ಚಿಕ್ಕದಾಗಿ ಮಡಚಿದಳು. ಆಮೇಲೆ ಮಂಜುಗಣ್ಣನ್ನು ಅವನ ಕಡೆ ಎತ್ತಿದಳು. "ನಿನಗೆ ಯಾವಾಗ ಹೇಳ್ದ?"

"ಹೋದ ವಾರ."

"ಹೋದ ವಾರ." ಅವಳು ಅದನ್ನು ಲೆಕ್ಕ ಹಾಕುವ ಹಾಗೆ ತಡೆದಳು. "ಗೊತ್ತಿದ್ದೂ ಊದ್ದೆ."

ಟೈಟಸ್ ಬಾಯಿ ತೆರೆದ. ಮಾತು ಕೊಟ್ಟಿದ್ದೆ ಎನ್ನಬಹುದಿತ್ತು, ಹೆಣಕ್ಕೆ ದರ್ಜೆಯಿಲ್ಲ ಎನ್ನಬಹುದಿತ್ತು. ಅವನು ಊದಿದ್ದು ಅವೆರಡಕ್ಕೂ ಅಲ್ಲ.

"ಊದಿ ಅಂದ್ರು ಅಮ್ಮ," ಎಂದ. "ಊದ್ದೆ."

ವರ್ನಾ ಅವನ ಕೈಯನ್ನು ಅವನ ತೊಡೆಯ ಮೇಲೆ ಇಟ್ಟು, ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ಕೂತಳು.